ಬೆರಳಚ್ಚುಗಾರ್ತಿಯ ಟಿಪ್ಪಣಿ

ಪುಟದ ತುಂಬ ಒಂದೇ ವಾಕ್ಯ. "ಆ ಫೆಬ್ರವರಿಯಲ್ಲಿ ಪತ್ರಿಕೆ ನಿಂತಿತು." ಮೇಲಿನಿಂದ ಕೆಳಗಿನವರೆಗೆ ಅದೇ, ಕೆಳಕ್ಕೆ ಬಂದಷ್ಟೂ ಅಕ್ಷರ ಸೊಟ್ಟ. ಪಂಕಜಾ ಹಾಳೆ ತಿರುಗಿಸಿ ನೋಡಿದಳು. ಹಿಂದೆಯೂ ಅದೇ. "ನಿಂತಿತು, ನಿಂತಿತು! ನಿಂತದ್ದು ಮತ್ತೆ ಹೊರಡೋದು ಬೇಡ್ವೇನ್ರೀ?" ಎಂದು ಗದರಿಸಲು ಬಾಯಿ ತೆರೆದವಳು ಎದುರಿಗೆ ಕೂತಿದ್ದ ಗಂಡನ ಮುಖ ನೋಡಿ ಸುಮ್ಮನಾದಳು. ಕೃಷ್ಣಸ್ವಾಮಿ ಪರೀಕ್ಷೆ ಬರೆದು ಮುಗಿಸಿದ ಹುಡುಗನ ಹಾಗೆ, ಭೇಷ್ ಅನ್ನಿಸಿಕೊಳ್ಳಲು ಕಾಯುತ್ತಿದ್ದರು.

"ಚೆನ್ನಾಗಿ ಬಂದಿದೆ" ಎಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ ಅದು.

"ಹಾಗಾದ್ರೆ ಟೈಪ್ ಮಾಡು. ಶಿವಪ್ರಕಾಶ ಕಾಯ್ತಿರ್ತಾನೆ."

ನ್ಯೂಜೆರ್ಸಿಯ ಮನ್ರೋದಲ್ಲಿ ಮಗಳು ಹಂಸಿನಿಯ ಹೊಸ ಮನೆಯ ಮಹಡಿ ಕೋಣೆ ಅದು. ಕಿಟಕಿಯಾಚೆ ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳು, ಡ್ರೈವ್‌ವೇಗಳ ಅಂಚಿನಲ್ಲಿ ಕರಗದೆ ಕೂತ ಕೊಳಕು ಹಿಮ. ಕೃಷ್ಣಸ್ವಾಮಿಗೆ ಬಂದಿರುವುದು ಮರೆವಿನ ಕಾಯಿಲೆ, ಇನ್ನು ದಿನೇ ದಿನೇ ಇಳಿಯುವುದೇ ಹೊರತು ಏರುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಇನ್ನು ನೀವಿಬ್ಬರೇ ಇರುವುದು ಬೇಡ ಎಂದು ಮಗಳು ಹಟ ಹಿಡಿದಿದ್ದಳು. ಪ್ರಿನ್ಸ್‌ಟನ್ನಿನ ಮನೆ ಮಾರಿ ಬಂದರು. ಬರುವಾಗ ವರ್ಷಾನುಗಟ್ಟಲೆಯ ಕರಡುಗಳಿದ್ದ ರಟ್ಟಿನ ಪೆಟ್ಟಿಗೆಗಳೆಲ್ಲ ರೀಸೈಕ್ಲಿಂಗ್ ಲಾರಿ ಹತ್ತಿದವು. "ಎಲ್ಲಾ ಕಂಪ್ಯೂಟರಿಗೆ ಹತ್ತಿಸಿದ್ದೀನಲ್ಲ, ಹೋಗಲಿ ಬಿಡು" ಎಂದು ಆ ದಿನ ಧಾರಾಳವಾಗಿ ಹೇಳಿದವಳು ಪಂಕಜಾಳೇ.

ನಿಂತ ಆ ಪತ್ರಿಕೆ ಇಲ್ಲಿಯದಲ್ಲ, ಮೈಸೂರಿನದೂ ಅಲ್ಲ. ಪ್ಯಾರಿಸ್ಸಿನ ಲಿಬೆರಾಸಿಯೋಂ. ಹೆಸರಿನ ಅರ್ಥ ಬಿಡುಗಡೆ. ಎಪ್ಪತ್ತಮೂರರಲ್ಲಿ ಕೆಲವು ಎಡಪಂಥದ ಹುಡುಗರು, ಅವರ ಬೆನ್ನಿಗೆ ನಿಂತ ಒಬ್ಬ ವಯಸ್ಸಾದ ತತ್ವಜ್ಞಾನಿ, ಎಲ್ಲ ಸೇರಿ ಶುರುಮಾಡಿದ ದಿನಪತ್ರಿಕೆ. ಅದಕ್ಕೆ ಧಣಿಯಿಲ್ಲ, ಜಾಹೀರಾತಿಲ್ಲ. ಸಂಪಾದಕನಿಂದ ಹಿಡಿದು ಎಲ್ಲರಿಗೂ ಒಂದೇ ಸಂಬಳ. ಏನೇ ತೀರ್ಮಾನವಾದರೂ ಸಭೆ ಸೇರಿ, ಕಿರುಚಾಡಿ, ಕೈ ಎತ್ತಿಯೇ ಆಗಬೇಕು. ಓದಲು ಪ್ಯಾರಿಸ್ಸಿಗೆ ಹೋಗಿದ್ದ ಕೃಷ್ಣಸ್ವಾಮಿ ಆ ಪತ್ರಿಕೆಗೆ ಮನಸೋತರು. ಸೋತವರು ಏಳಲೇ ಇಲ್ಲ. ಆಮೇಲೆ ನ್ಯೂಜೆರ್ಸಿಗೆ ಬಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿದರು, ಮನೆ ಕಟ್ಟಿದರು, ಮಗಳನ್ನು ಬೆಳೆಸಿದರು. ಆದರೆ ಆ ಪತ್ರಿಕೆಯ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಬೇಕೆಂಬ ಹುಚ್ಚು ಮಾತ್ರ ಬಿಡಲಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಕಾಲೇಜಿನಲ್ಲಿ ಹೆಸರು ಬಂದೀತು ಎಂದು ಯಾರಾದರೂ ಅಂದರೆ, "ಅವರಿಗೆ ಬರೆಯೋಕೆ ಜನ ಇದಾರೆ, ನಮ್ಮೋರಿಗೆ ಯಾರಿದಾರೆ?" ಎಂದು ರೇಗುತ್ತಿದ್ದರು. ನಮ್ಮೋರು ಎಂದರೆ ಮುಖ್ಯವಾಗಿ ಶಿವಪ್ರಕಾಶ್. ಕೃಷ್ಣಸ್ವಾಮಿ ಪ್ಯಾರಿಸ್ಸಿನಿಂದ ರಜೆಗೆ ಬಂದಾಗ ಮೈಸೂರಿನ ಸರಸ್ವತಿಪುರಂನ ಒಂದು ಕೋಣೆಯಲ್ಲಿ ಇಬ್ಬರೂ ಸೇರಿ ಅಂಥದ್ದೇ ಒಂದು ಪತ್ರಿಕೆ ಮಾಡುವ ಕನಸು ಕಂಡಿದ್ದವರು. ಪತ್ರಿಕೆ ಆಗಲಿಲ್ಲ. ಶಿವಪ್ರಕಾಶ್ ಒಂದು ಸಣ್ಣ ಪ್ರಕಾಶನ ನಡೆಸಿಕೊಂಡು ಈ ಪುಸ್ತಕಕ್ಕಾಗಿ ಕಾದು ಕೂತಿದ್ದರು.

ಪುಸ್ತಕ ಟೈಪ್ ಮಾಡಿದವಳು ಪಂಕಜಾ. ಮೈಸೂರಿನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಟೈಪಿಂಗ್ ಪಾಸಾಗಿದ್ದವಳು. ಮದುವೆಯಾಗಿ ಪ್ಯಾರಿಸ್ಸಿಗೆ ಹೋದ ಹೊಸದರಲ್ಲಿ, ಐದನೇ ಮಹಡಿಯ ಒಂಟಿ ಕೋಣೆಯಲ್ಲಿ ಕೂತು ಗಂಡ ಪತ್ರಿಕೆಯನ್ನು ಕನ್ನಡಕ್ಕೆ ತಿರುಗಿಸಿ ಓದಿ ಹೇಳುತ್ತಿದ್ದರು. ಮುಷ್ಕರ, ಜೈಲು, ಪೊಲೀಸು ಎಂದು ದೊಡ್ಡ ದೊಡ್ಡ ಸುದ್ದಿ. ಅವಳಿಗೆ ಬೇಜಾರು. ಒಂದು ದಿನ ಅವರು ಓದುತ್ತಾ ಓದುತ್ತಾ ನಕ್ಕುಬಿಟ್ಟರು.

"ಏನ್ರೀ ಅದು?"

"ಟೈಪ್ ಮಾಡೋ ಹೆಂಗಸು ನಡುವೆ ಬಾಯಿ ಹಾಕಿದ್ದಾಳೆ ಕಣೇ!"

ಆ ಪತ್ರಿಕೆಯಲ್ಲಿ ಅದೊಂದು ಪದ್ಧತಿ. ವರದಿಗಾರ ಬರೆದದ್ದನ್ನು ಅಚ್ಚಿಗೆ ಟೈಪ್ ಮಾಡುವವರು, ಏನಾದರೂ ಅನ್ನಬೇಕು ಅನ್ನಿಸಿದರೆ ಲೇಖನದ ನಡುವೆಯೇ ಕಂಸ ಹಾಕಿ ತಮ್ಮ ಮಾತು ಸೇರಿಸಿಬಿಡುತ್ತಿದ್ದರು. ಕೊನೆಗೆ 'ಬೆರಳಚ್ಚುಗಾರ್ತಿಯ ಟಿಪ್ಪಣಿ' ಎಂಬ ಸಹಿ. ಅದು ಹಾಗೆಯೇ ಅಚ್ಚಾಗಿ ಊರೆಲ್ಲ ಓದುತ್ತಿತ್ತು. ಎಷ್ಟೋ ಜನ ಲೇಖನ ಬಿಟ್ಟು ಟಿಪ್ಪಣಿಯನ್ನೇ ಹುಡುಕುತ್ತಿದ್ದರಂತೆ. ಪಂಕಜಾಳಿಗೆ ಆ ದಿನದಿಂದ ಪತ್ರಿಕೆ ರುಚಿಸಿತು. ಭಾಷೆ ಬಾರದ ಊರಿನಲ್ಲಿ ತನ್ನ ಕಸುಬಿನವರು ಯಾರೋ ಇದ್ದಾರಲ್ಲ ಎಂದು ಸಮಾಧಾನವಾಯಿತು.

ಹಾಗಾಗಿ, ವರ್ಷಗಳ ಮೇಲೆ ನ್ಯೂಜೆರ್ಸಿಯಲ್ಲಿ ಗಂಡ ಮೊದಲ ಅಧ್ಯಾಯದ ಹಾಳೆಗಳನ್ನು ಕೈಗಿತ್ತಾಗ ಅವಳು ಸುಮ್ಮನೆ ಟೈಪ್ ಮಾಡಲಿಲ್ಲ. ಸಮಾನ ಸಂಬಳದ ಬಗ್ಗೆ ಕೃಷ್ಣಸ್ವಾಮಿ ಉಬ್ಬಿ ಉಬ್ಬಿ ಬರೆದ ಪುಟದ ನಡುವೆ ಹೀಗೆ ಸೇರಿಸಿದಳು: "(ಎಲ್ಲ ಕೆಲಸವೂ ಸಮ ಎಂದು ಇಷ್ಟು ಸೊಗಸಾಗಿ ಬರೆದವರು ನೆನ್ನೆ ರಾತ್ರಿಯ ಪಾತ್ರೆಗಳನ್ನು ಸಿಂಕಿನಲ್ಲೇ ಬಿಟ್ಟು ಮಲಗಿದರು. ಬೆ.ಟಿ.)" ಕೃಷ್ಣಸ್ವಾಮಿ ಓದಿದರು, ಕಿವಿಯವರೆಗೆ ಕೆಂಪಾದರು, ಎದ್ದು ಹೋಗಿ ಪಾತ್ರೆ ತೊಳೆದರು. ಬಂದು ಕೆಳಗೆ ಬರೆದರು: "(ತಿದ್ದಿಕೊಳ್ಳಲಾಗಿದೆ. ಲೇಖಕ.)"

"ಅಳಿಸಿಬಿಡ್ಲಾ?" ಎಂದು ಅವಳು ಕೇಳಿದ್ದಳು, ನಗುತ್ತ.

"ಮುಟ್ಟಿದ್ರೆ ನೋಡು. ನಮ್ಮನೇಲಿ ಇದು ಕಾನೂನು. ಟಿಪ್ಪಣಿ ಒಂದೂ ಅಳಿಸಕೂಡದು. ಪುಸ್ತಕದಲ್ಲೂ ಇರ್ಲಿ."

ಅದು ತಮಾಷೆ ಎಂದೇ ಅವಳು ತಿಳಿದಿದ್ದಳು.

ಈಗ ಉಳಿದದ್ದು ಕೊನೆಯ ಅಧ್ಯಾಯ ಒಂದೇ. ಅದರ ಮೊದಲ ವಾಕ್ಯದಲ್ಲಿ ಕೃಷ್ಣಸ್ವಾಮಿ ಕೆಸರಿಗೆ ಸಿಕ್ಕ ಗಾಡಿಯ ಹಾಗೆ ನಿಂತುಬಿಟ್ಟಿದ್ದರು.

ಎಂಬತ್ತೊಂದರ ಫೆಬ್ರವರಿಯಲ್ಲಿ ಪತ್ರಿಕೆ ನಿಂತದ್ದು ನಿಜ. ಕನಸು ಸೊರಗಿತ್ತು, ಒಳಗೊಳಗೇ ಜಗಳ, ಪತ್ರಿಕೆಯನ್ನು ನಿಲ್ಲಿಸಿ ಹೊಸದಾಗಿ ಕಟ್ಟೋಣ ಎಂದು ಅವರವರೇ ತೀರ್ಮಾನ ಮಾಡಿದ್ದರು. ಆದರೆ ಕೃಷ್ಣಸ್ವಾಮಿಗೆ ಅದು ಮನೆಯಲ್ಲಿ ಸಾವಾದ ಹಾಗೆ. ದಿನಾ ಬೆಳಿಗ್ಗೆ ಪತ್ರಿಕೆ ಮಾರುವ ಗೂಡಂಗಡಿಗೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದರು. ಬರುವುದಿಲ್ಲ ಎಂದು ಗೊತ್ತಿದ್ದೂ ಹೋಗುತ್ತಿದ್ದರು. ಮೇ ತಿಂಗಳಲ್ಲಿ ಎಡಪಂಥದವರು ಚುನಾವಣೆ ಗೆದ್ದರು, ಅದೇ ವಾರ ಪತ್ರಿಕೆ ಮತ್ತೆ ಬಂತು. ಆ ಬೆಳಿಗ್ಗೆ ಅವರು ಐದು ಮಹಡಿ ಓಡಿ ಹತ್ತಿ, ಏದುಸಿರು ಬಿಡುತ್ತ ಬಾಗಿಲು ಬಡಿದದ್ದು, ತಾನು ಹಾಲನ್ನು ಒಲೆಯ ಮೇಲೆಯೇ ಬಿಟ್ಟು ಓಡಿಹೋಗಿ ಬಾಗಿಲು ತೆಗೆದದ್ದು, ಹಾಲು ಉಕ್ಕಿ ಒಲೆ ಆರಿದ್ದು, ಒಂದೂ ಪಂಕಜಾಳಿಗೆ ಮರೆತಿಲ್ಲ. ಅವರಿಗೆ ಮಾತ್ರ ಫೆಬ್ರವರಿ ಉಳಿದು ಮೇ ಅಳಿಸಿಹೋಗಿತ್ತು. ಅನ್ಯಾಯ ಅಲ್ಲವೇ ಇದು? ಮರೆಯುವುದೇ ಆದರೆ ನಿಂತದ್ದನ್ನು ಮರೆಯಬಾರದಿತ್ತೇ?

"ಅಮ್ಮ, ಲೆಟ್ ಇಟ್ ಗೋ" ಎಂದಳು ಹಂಸಿನಿ, ಜರ್ಸಿ ಸಿಟಿಯ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಬೂಟಿಗೆ ಕಾಲು ತೂರಿಸುತ್ತ. "ಅಪ್ಪಂಗೆ ಅದು ಫಿನಿಶ್ ಆಗ್ಲಿಲ್ಲ ಅಂತಾನೂ ಗೊತ್ತಿರಲ್ಲ. ನೀನ್ಯಾಕೆ ಸುಮ್ನೆ ಸ್ಟ್ರೆಸ್ ಮಾಡ್ಕೋತೀಯ?"

"ಗೊತ್ತಿರೋ ಕಾಲ ಇನ್ನೂ ಸ್ವಲ್ಪ ಇದೆಯಲ್ಲ. ಅಷ್ಟರಲ್ಲಿ ಪುಸ್ತಕ ಅವರ ಕೈಗೆ ಬರಬೇಕು. ಇದು ನಂದು, ನಾನು ಬರೆದೆ ಅಂತ ಅವರಿಗೆ ಗೊತ್ತಾಗಬೇಕು. ನನಗೆ ಬೇಕಾಗಿರೋದು ಅಷ್ಟೇ."

ಮಗಳು ತಾಯಿಯ ಭುಜ ಒತ್ತಿ ಹೋದಳು. ಮಗಳದ್ದು ಒಳ್ಳೆಯ ಮನಸ್ಸೇ. ಆದರೂ ಪಂಕಜಾಳಿಗೆ ಆ ಇಡೀ ದಿನ ಸಿಟ್ಟು ಇಳಿಯಲಿಲ್ಲ.

ಮರುದಿನದಿಂದ ಕೊನೆಯ ಅಧ್ಯಾಯವನ್ನು ಅವಳೇ ಬರೆಯತೊಡಗಿದಳು. ಕೃಷ್ಣಸ್ವಾಮಿಯ ಟಿಪ್ಪಣಿ ಕಾರ್ಡುಗಳಿದ್ದವು, ಕತ್ತರಿಸಿ ಇಟ್ಟ ಪತ್ರಿಕೆಯ ತುಂಡುಗಳಿದ್ದವು, ಊಟದ ಮೇಜಿನಲ್ಲಿ ಅವರು ಜೀವಮಾನವಿಡೀ ಮಾಡಿದ ಭಾಷಣಗಳಿದ್ದವು. ಅವರ ವಾಕ್ಯ ಎಲ್ಲಿ ತಿರುಗುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂದು ಅವಳ ಬೆರಳಿಗೆ ಗೊತ್ತು. ಮತ್ತೆ ಬಂದ ಪತ್ರಿಕೆಯಲ್ಲಿ ಸಮಾನ ಸಂಬಳದ ಕಾಲ ಮುಗಿದದ್ದು, ಮುಂದಿನ ವರ್ಷ ಜಾಹೀರಾತು ಬಂದದ್ದು. ಟೈಪ್ ಮಾಡುವವರು ಮರೆಯಾದದ್ದು. ಬಹಳ ಕಾಲದ ಮೇಲೆ ದೊಡ್ಡ ಮನೆತನದ ಬ್ಯಾಂಕರನೊಬ್ಬ ಬಂಡವಾಳ ಹಾಕಿದ್ದು, ಕಟ್ಟಿ ಬೆಳೆಸಿದ ಸಂಪಾದಕ ಹೊರಟುಹೋದದ್ದು. ಕಟ್ಟಡವನ್ನು ಹೋಟೆಲು, ಸ್ಟುಡಿಯೋ ಮಾಡುತ್ತೇವೆ ಎಂದು ಮಾಲೀಕರು ಹೊರಟಾಗ, ನಾವು ಪತ್ರಿಕೆ, ಹೋಟೆಲಲ್ಲ ಎಂದು ಮುಖಪುಟದಲ್ಲೇ ಬರೆದು ನೌಕರರು ತಿರುಗಿಬಿದ್ದದ್ದು, ಎಲ್ಲವನ್ನೂ ಬರೆದಳು. ಪತ್ರಿಕೆ ಇವತ್ತಿಗೂ ಬರುತ್ತಿದೆ. ಬದುಕಿದೆ, ಆದರೆ ಅದೇ ಪತ್ರಿಕೆಯೇ ಎಂದು ಕೇಳಿದರೆ ಹೇಳುವುದು ಕಷ್ಟ. ಆ ವಾಕ್ಯ ಬರೆದು ಪಂಕಜಾ ತಲೆಯೆತ್ತಿದಳು. ಗಂಡ ಕಿಟಕಿಯ ಬಳಿ ಕೂತು ಎದುರು ಮನೆಯವರ ಕಸದ ಡಬ್ಬಿಯನ್ನೇ ನೋಡುತ್ತಿದ್ದರು. ಅವಳಿಗೆ ಅಳು ಬಂತು. ಅತ್ತಳು, ಮುಖ ತೊಳೆದಳು, ಬಂದು ಮುಂದಿನ ಪ್ಯಾರಾ ಬರೆದಳು.

ಓಡಿ ಹತ್ತಿದ ಮೆಟ್ಟಿಲನ್ನು ಬರೆದಳು. ಬಾಗಿಲು ತೆಗೆದವಳನ್ನು ಬರೆಯಲಿಲ್ಲ. ಪತ್ರಿಕೆಯ ಚರಿತ್ರೆಯಲ್ಲಿ ಹೆಂಡತಿಗೇನು ಕೆಲಸ?

ಬೇಸಿಗೆಯ ಹೊತ್ತಿಗೆ ಅಧ್ಯಾಯ ಮೈಸೂರಿಗೆ ಹೋಯಿತು. ಅದನ್ನು ಬರೆದವರು ಯಾರು ಎಂದು ಶಿವಪ್ರಕಾಶ್ ಕೇಳಲಿಲ್ಲ. ಗೊತ್ತಾಗದಷ್ಟು ದಡ್ಡರೇನಲ್ಲ ಅವರು. ಓದಿ ಮುಗಿಸಿ ಫೋನ್ ಮಾಡಿದರು.

"ಪಂಕಜಮ್ಮಾ, ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಹಿಂದಿನ ಅಧ್ಯಾಯಗಳ ನಡುವೆ ನಿಮ್ಮ ಆ ಕಂಸದ ಮಾತುಗಳಿವೆಯಲ್ಲ... ನನಗೆ ಓದಿ ಖುಷಿಯಾಗುತ್ತೆ. ಆದ್ರೆ ಇದು ಅವನ ಜೀವಮಾನದ ಕೆಲಸ. ಗೊತ್ತಿಲ್ಲದೋರು ಓದಿ ಹಾಸ್ಯ ಪುಸ್ತಕ ಅಂದ್ಕೊಂಡ್ರೆ? ತೆಗೆದು ಕ್ಲೀನ್ ಕಾಪಿ ಕಳಿಸಿಬಿಡಿ."

ಪಂಕಜಾ ಒಪ್ಪಿದಳು. ಅವಳಿಗೂ ಅದೇ ಭಯವಿತ್ತು. ಕನ್ನಡ ಕೂಟದ ಸಮಾರಂಭದಲ್ಲಿ ಮೊನ್ನೆ ಯಾರೋ ಕೃಷ್ಣಸ್ವಾಮಿಯ ತಡವರಿಕೆ ಕೇಳಿ ಮುಸಿಮುಸಿ ನಕ್ಕದ್ದನ್ನು ಅವಳು ನೋಡಿದ್ದಳು. ಇನ್ನು ಪುಸ್ತಕವನ್ನೂ ನೋಡಿ ನಗಬೇಕೇ? ಪಾತ್ರೆ, ಸಿಂಕು, ಹೆಂಡತಿಯ ಮೂದಲಿಕೆ! ಗಂಭೀರ ವಿದ್ವಾಂಸರ ಗಂಭೀರ ಪುಸ್ತಕ ಆಗಲಿ ಎಂದು ಗಟ್ಟಿ ಮನಸ್ಸು ಮಾಡಿ ಕೂತಳು.

ಒಂದೊಂದಾಗಿ ಅಳಿಸಿದಳು. ಅಳಿಸುವ ಮೊದಲು ಓದಿದಳು, ಅದೇ ತಪ್ಪಾಯಿತು. "(ಈ ವಾದವನ್ನು ಹೋದ ಅಧ್ಯಾಯದಲ್ಲೂ ಮಾಡಿದ್ದೀರಿ, ಆಗಲೂ ಒಪ್ಪಿರಲಿಲ್ಲ. ಬೆ.ಟಿ.)" ಅಳಿಸಿದಳು. "(ಮಗು ಈಗ ಮೊದಲ ಹೆಜ್ಜೆ ಇಟ್ಟಿತು. ಕ್ರಾಂತಿ ಸ್ವಲ್ಪ ಕಾಯಲಿ. ಬೆ.ಟಿ.)" ಅದಕ್ಕೆ ಉತ್ತರ: "(ಕಾಯುತ್ತಿದೆ. ಲೇಖಕ.)" ಎರಡನ್ನೂ ಅಳಿಸಿದಳು. ಆರನೇ ಅಧ್ಯಾಯದ ನಡುವೆ: "(ಇವತ್ತು ಕೈ ಓಡುತ್ತಿಲ್ಲ. ಮೈಸೂರಿನಿಂದ ಫೋನ್ ಬಂತು, ಅಮ್ಮ ಹೋದರಂತೆ. ಬೆ.ಟಿ.)" ಕೆಳಗೆ: "(ಮುಂದಿನ ಪುಟ ಖಾಲಿ ಇರಲಿ. ಲೇಖಕ.)" ಆ ಖಾಲಿ ಪುಟವನ್ನೂ ಅವಳು ಮುಚ್ಚಿ ಮುಂದಿನ ಸಾಲನ್ನು ಮೇಲೆ ತಂದಳು. ಕೊನೆಗೆ ಸೇವ್ ಒತ್ತಿದಳು. ಬೇರೆ ಹೆಸರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಬೇಕು ಎಂದು ಹೊಳೆದದ್ದು ಕಂಪ್ಯೂಟರು ಮುಚ್ಚಿ, ಅಕ್ಕಿ ತೊಳೆಯುವಾಗ. ಓಡಿಹೋಗಿ ತೆರೆದಳು. ಎಲ್ಲ ಕ್ಲೀನಾಗಿತ್ತು. ಶಿವಪ್ರಕಾಶರನ್ನು ಕೇಳಿದರೆ, ಕ್ಲೀನ್ ಕಾಪಿ ಬರುತ್ತದಲ್ಲ ಎಂದು ಅವರೂ ಹಳೆಯದನ್ನು ಅಳಿಸಿಬಿಟ್ಟಿದ್ದರು.

ಹೋಗಲಿ, ಪುಸ್ತಕ ಬಂದರೆ ಸಾಕು ಎಂದು ತನಗೆ ತಾನೇ ಹೇಳಿಕೊಂಡಳು. ಅಷ್ಟರಲ್ಲಿ ಕೃಷ್ಣಸ್ವಾಮಿ ಇನ್ನೂ ಇಳಿದಿದ್ದರು. ಕೆಲವು ದಿನ ಹಂಸಿನಿಯನ್ನು ತಮ್ಮ ತಂಗಿ ಎಂದುಕೊಳ್ಳುತ್ತಿದ್ದರು. ಕೆಲವು ದಿನ ಪಂಕಜಾಳನ್ನು ಹೆಸರು ಹಿಡಿದು ಕರೆದು ಕಾಫಿ ಕೇಳುತ್ತಿದ್ದರು. ಹಾಗೆ ಕರೆದ ದಿನ ಅವಳಿಗೆ ಹಬ್ಬ.

ಅಕ್ಟೋಬರಿನಲ್ಲಿ ಪುಸ್ತಕ ಬಂತು. ಬಾಗಿಲ ಮುಂದೆ ಇಟ್ಟುಹೋದ ಪಾರ್ಸೆಲ್ಲನ್ನು ಪಂಕಜಾ ಅಡಿಗೆಮನೆಯ ಕತ್ತರಿಯಲ್ಲೇ ಸೀಳಿದಳು. ಗಟ್ಟಿ ರಟ್ಟು, ಮೇಲೆ ಕೃಷ್ಣಸ್ವಾಮಿಯ ಹೆಸರು ದಪ್ಪಕ್ಷರದಲ್ಲಿ. ಮಧ್ಯಾಹ್ನದ ಊಟವಾಗಿತ್ತು, ಕೃಷ್ಣಸ್ವಾಮಿ ಗೆಲುವಾಗಿದ್ದರು. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ ಎನ್ನಿಸಿತು.

"ನೋಡ್ರೀ. ನಿಮ್ಮ ಪುಸ್ತಕ."

ಕೃಷ್ಣಸ್ವಾಮಿ ಎರಡೂ ಕೈಯಲ್ಲಿ ತೆಗೆದುಕೊಂಡು, ಮೂಸಿ ನೋಡಿ, ಹೆಸರಿನ ಮೇಲೆ ಬೆರಳಾಡಿಸಿದರು. "ನನ್ನ ಹೆಸರು" ಎಂದರು. ಪಂಕಜಾಳಿಗೆ ಕಾಲು ನಿಲ್ಲದ ಸಂತೋಷ. ಎದುರಿನ ಕುರ್ಚಿ ಎಳೆದು ಕೂತು ಕೊನೆಯ ಅಧ್ಯಾಯವನ್ನೇ ತೆರೆದು ಓದಿದಳು. "ಆ ಫೆಬ್ರವರಿಯಲ್ಲಿ ಪತ್ರಿಕೆ ನಿಂತಿತು."

"ನಿಂತಿತು" ಎಂದು ಅವರು ತಲೆ ಆಡಿಸಿದರು.

"ಮೇ ತಿಂಗಳ ಒಂದು ಬೆಳಿಗ್ಗೆ ಅದು ಮತ್ತೆ ಬಂತು. ನಾನು ಅದನ್ನು ಹಿಡಿದು ಐದು ಮಹಡಿ ಓಡಿ ಹತ್ತಿದೆ."

ಕೃಷ್ಣಸ್ವಾಮಿಯ ಮುಖ ಅರಳಿತು. "ಓಡಿದೆ! ಹೌದು, ಓಡಿದೆ!" ಹುಬ್ಬು ಗಂಟಿಕ್ಕಿತು. "ಬಾಗಿಲು ತೆಗೆದವಳು ಎಲ್ಲಿ?"

"ಅದು... ಚರಿತ್ರೆಗೆ ಬೇಕಾಗಿಲ್ಲ ಅಂತ ಬಿಟ್ಟಿದೆ."

"ಬಿಟ್ಟವರು ಯಾರು?"

ಪಂಕಜಾ ಮುಂದೆ ಓದಿದಳು. ಓದುವ ಭರದಲ್ಲಿ ಏನು ಓದುತ್ತಿದ್ದೇನೆ ಎಂಬ ಎಚ್ಚರವೂ ಇರಲಿಲ್ಲ. "ಹೊಸ ಯಂತ್ರಗಳು ಬಂದ ಮೇಲೆ ಬೆರಳಚ್ಚುಗಾರ್ತಿಯರ ಅಗತ್ಯ ಉಳಿಯಲಿಲ್ಲ. ಕಂಸದೊಳಗಿನ ಆ ದನಿಗಳು ಪತ್ರಿಕೆಯಿಂದ ಮರೆಯಾದವು."

ಕೃಷ್ಣಸ್ವಾಮಿ ಪುಸ್ತಕವನ್ನು ಅವಳ ಕೈಯಿಂದ ಕಿತ್ತುಕೊಂಡರು. ಹಾಳೆ ತಿರುವಿದರು. ಹಿಂದಕ್ಕೆ, ಮುಂದಕ್ಕೆ, ಮೊದಲ ಅಧ್ಯಾಯಕ್ಕೆ, ಆರನೆಯದಕ್ಕೆ. ಬೆರಳು ಸಾಲು ಸಾಲಿನ ಮೇಲೆ ಏನನ್ನೋ ಹುಡುಕುತ್ತಿತ್ತು. ಅದು ಏನೆಂದು ಅವಳಿಗೆ ತಿಳಿಯಿತು.

"ಎಲ್ಲಿ ಅವಳ ಮಾತು? ಒಂದೂ ಇಲ್ಲ. ತೆಗೆದುಹಾಕಿಬಿಟ್ರಾ ಅವಳನ್ನ ಕೆಲಸದಿಂದ?" ಅವರ ಕಣ್ಣಲ್ಲಿ ನೀರು ತುಂಬಿತ್ತು. "ಇದು ನಾನು ಬರೆದಿದ್ದಲ್ಲ. ನಾನು ಬರೆದಿದ್ರೆ ಅವಳು ಬೈತಿದ್ಳು. ನೀವು ಆಫೀಸಿನೋರಾ?"

ನೀವು! ಮದುವೆಯಾದಂದಿನಿಂದ ನೀನು ಬಿಟ್ಟರೆ ಬೇರೆ ಮಾತು ಬಾರದ ಬಾಯಿ.

"ರೀ, ನಾನು ಕಣ್ರೀ. ಪಂಕಜಾ."

"ಅದೇ, ಪಂಕಜಾ ಅಂತ ಅವಳ ಹೆಸರು. ಅವಳನ್ನ ಕರೀರಿ. ಬಹಳ ಜೋರು, ಆದ್ರೆ ಒಳ್ಳೆಯವಳು. ಸಂಬಳ ಎಲ್ಲರಷ್ಟೇ ಕೊಡಬೇಕು ಅವಳಿಗೆ." ಮಗುವಿನ ಹಾಗೆ ಬಿಕ್ಕಿದರು. ಸಮಾಧಾನ ಮಾಡಲು ಅವಳು ಕೈ ಚಾಚಿದರೆ, ಅಪರಿಚಿತಳ ಕೈ ಎಂಬಂತೆ ಮುಜುಗರದಿಂದ ಹಿಂದೆ ಸರಿದರು.

ಪುಸ್ತಕವಂತೂ ಬಂದಿತ್ತು, ಅವರ ಕೈಯಲ್ಲೇ ಇತ್ತು. ಅದು ತಮ್ಮದು ಎಂಬ ಗುರುತು ಮಾತ್ರ ಉಳಿದಿರಲಿಲ್ಲ. ಆ ಗುರುತನ್ನು ಅಳಿಸಿದವಳು ತಾನೇ, ಒಂದೊಂದಾಗಿ, ಓದಿ ಓದಿ. ಪಂಕಜಾ ಎದ್ದು ಹೋಗಿ ಮಗಳ ಮೇಜಿನಿಂದ ಪೆನ್ಸಿಲ್ ತಂದಳು. ಬೇರೆ ಏನು ಮಾಡಲೂ ಅವಳಿಗೆ ತೋಚಲಿಲ್ಲ. "ಒಂದು ನಿಮಿಷ ಕೊಡಿ" ಎಂದು ಪುಸ್ತಕ ಇಸಿದುಕೊಂಡು, ಮೆಟ್ಟಿಲು ಹತ್ತಿದ ಸಾಲಿನ ಪಕ್ಕದ ಅಂಚಿನಲ್ಲಿ ಬರೆದಳು: "(ಬಾಗಿಲು ತೆಗೆದವಳು ನಾನು. ಆ ಗಡಿಬಿಡಿಯಲ್ಲಿ ಹಾಲು ಉಕ್ಕಿತು. ಅವತ್ತು ಇಬ್ಬರಿಗೂ ಕಾಫಿ ಇಲ್ಲ. ಪತ್ರಿಕೆ ಬಂದ ಸಂತೋಷಕ್ಕೆ ಇಷ್ಟು ದಂಡ. ಬೆ.ಟಿ.)" ಪುಸ್ತಕವನ್ನು ಅವರ ಮುಂದಿಟ್ಟಳು.

ಕೃಷ್ಣಸ್ವಾಮಿ ಕನ್ನಡಕ ಸರಿಮಾಡಿಕೊಂಡು ಅಕ್ಷರ ಅಕ್ಷರ ಕೂಡಿಸಿ ಓದಿದರು. ನಡುವೆ ನಿಂತು ಮತ್ತೆ ಮೊದಲಿನಿಂದ ಓದಿದರು. ಆಮೇಲೆ ನಕ್ಕರು. ಐದನೇ ಮಹಡಿಯ ಆ ಕೋಣೆಯಲ್ಲಿ ನಕ್ಕ ಹಾಗೆಯೇ, ಹೊಟ್ಟೆ ತುಂಬ.

"ಇದ್ದಾಳೆ! ನಾನು ಸುಮ್ನೆ ಹೆದರಿದೆ" ಎಂದು ಪುಸ್ತಕವನ್ನು ಎದೆಗೆ ಒತ್ತಿಕೊಂಡರು. ಎದುರು ಕೂತ ಹೆಂಗಸಿನ ಕಡೆ ತಿರುಗಿ, ಉಪಕಾರ ಮಾಡಿದವರಿಗೆ ಹೇಳುವ ಮರ್ಯಾದೆಯಲ್ಲಿ ಹೇಳಿದರು. "ನೀವು ಆಫೀಸಿನಲ್ಲಿ ಅವಳನ್ನ ನೋಡ್ತೀರಲ್ಲ? ನೋಡಿದಾಗ ಒಂದು ಮಾತು ತಿಳಿಸಿ. ಇಷ್ಟು ವರ್ಷದಲ್ಲಿ ಅವಳ ಟಿಪ್ಪಣಿ ನಾನು ಒಂದೂ ಅಳಿಸಿಲ್ಲ ಅಂತ."

"ಹೇಳ್ತೀನಿ" ಎಂದಳು ಪಂಕಜಾ.